ಮೆಮೊರಿ ಕಾರ್ಡು, ಬ್ಲಾಕು ಮತ್ತು ಮಿತಿ: ವಿದ್ಯಾರ್ಥಿಗಳಿಗೂ ಪಾಲಕರಿಗೂ ಒಂದು ಪಾಠ



ವಾರ್ಷಿಕ ವರದಿಯಲ್ಲಿ ಜಮಾ-ಖರ್ಚಿನ ಪುಟಗಳ ಬಳಿಕ ಒಂದು ಪಾಠ ಕೊಡುವ ರೂಢಿಯನ್ನು ನಾವು ಇಟ್ಟುಕೊಂಡು ಬಂದಿದ್ದೇವೆ. ಈ ಸಲದ ಪಾಠ ಎಲ್ಲರ ಕಿಸೆಯಲ್ಲೂ ಇರುವ ಒಂದು ಚಿಕ್ಕ ವಸ್ತುವಿನ ಬಗ್ಗೆ. ಉಗುರಿನಷ್ಟು ಅಗಲದ ಮೆಮೊರಿ ಕಾರ್ಡಿಗೆ ಫೋನು ಮಾಹಿತಿಯನ್ನು ಹೇಗೆ ಬರೆಯುತ್ತದೆ, ಒಂದು ಸಲಕ್ಕೆ ಎಷ್ಟು ಬರೆಯಬಲ್ಲದು, ಆ ಮಿತಿಯನ್ನು ಯಾರು ಹೇಳುತ್ತಾರೆ, ಹೇಳಿದ ಮಿತಿ ಸುಳ್ಳಾದರೆ ಏನಾಗುತ್ತದೆ ಎಂಬುದನ್ನು ನೋಡೋಣ.

ಈ ವಿಷಯ ಆರಿಸಲು ಕಾರಣವಿದೆ. ನಮ್ಮಲ್ಲಿ ಅರ್ಜಿ ಹಾಕುವವರಲ್ಲಿ ಐಟಿಐ, ಡಿಪ್ಲೊಮಾ ಮತ್ತು ಇಂಜಿನಿಯರಿಂಗ್ ಓದುವ ಮಕ್ಕಳಿದ್ದಾರೆ. ಸಂದರ್ಶನದಲ್ಲಿ "ಮುಂದೆ ಏನು ಮಾಡ್ತೀಯಪ್ಪಾ?" ಎಂದು ಕೇಳಿದರೆ "ಸಾಫ್ಟ್‌ವೇರ್ ಸರ್" ಎಂಬ ಉತ್ತರ ತಕ್ಷಣ ಬರುತ್ತದೆ. "ಎಂಥ ಸಾಫ್ಟ್‌ವೇರ್?" ಎಂದರೆ ಹುಡುಗ ಸುಮ್ಮನಾಗುತ್ತಾನೆ. ಮೊಬೈಲಿನ ಪರದೆಯ ಮೇಲೆ ಕಾಣುವ ಆ್ಯಪ್ ಅಲ್ಲದೆ, ಪರದೆಯ ಹಿಂದೆ ಕಾಣದೆ ದುಡಿಯುವ ಸಾಫ್ಟ್‌ವೇರೂ ಒಂದಿದೆ. ಅದನ್ನು ಬರೆಯುವುದು ಗೌರವದ ವೃತ್ತಿ. ಅದರ ಮೊದಲ ಮೆಟ್ಟಿಲು ಹೈಸ್ಕೂಲಿನಲ್ಲಿ ಕಲಿತ ಘಾತಾಂಕದ ಲೆಕ್ಕವೇ.

1. ಬೈಟು ಮತ್ತು ಬ್ಲಾಕು

ಗಣಕಯಂತ್ರಕ್ಕೆ ಗೊತ್ತಿರುವುದು 0 ಮತ್ತು 1 ಮಾತ್ರ. ಇಂಥ ಒಂದು ಅಂಕಿಗೆ ಬಿಟ್ ಎನ್ನುತ್ತಾರೆ. 8 ಬಿಟ್ ಸೇರಿದರೆ ಒಂದು ಬೈಟು. ಇಂದು ಎಲ್ಲ ಕಡೆ ಬಳಕೆಯಲ್ಲಿರುವ ಯೂನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟು ಬೇಕು. ಗುಣಿತದ ಗುರುತನ್ನೂ ಬೇರೆ ಚಿಹ್ನೆಯೆಂದೇ ಎಣಿಸಬೇಕು. "ಶೇಡಬಾಳ" ಎಂದು ಬರೆಯಲು ಶ, ಏತ್ವ, ಡ, ಬ, ಆಕಾರದ ದೀರ್ಘ, ಳ ಎಂದು 6 ಚಿಹ್ನೆ ಬೇಕು. ಅಂದರೆ 18 ಬೈಟು.

ಆದರೆ ಮೆಮೊರಿ ಕಾರ್ಡಿನ ಜೊತೆಗಿನ ವ್ಯವಹಾರ ಒಂದೊಂದು ಬೈಟಿನಲ್ಲಿ ನಡೆಯುವುದಿಲ್ಲ. ಉಗಾರದ ಸಕ್ಕರೆ ಕಾರ್ಖಾನೆಯ ಗೋಡೌನಿನಿಂದ ಸಕ್ಕರೆಯನ್ನು ಬೊಗಸೆಯಲ್ಲಿ ಹೊರಗೆ ತರುವುದಿಲ್ಲ, 50 ಕಿಲೋದ ಚೀಲಗಳಲ್ಲಿ ತರುತ್ತಾರೆ. ಹಾಗೆಯೇ ಕಾರ್ಡು ಮಾಹಿತಿಯನ್ನು 512 ಬೈಟಿನ ಕಂತೆಗಳಲ್ಲಿ ಕೊಡುತ್ತದೆ, ತೆಗೆದುಕೊಳ್ಳುತ್ತದೆ. ಈ ಕಂತೆಯೇ ಬ್ಲಾಕು. ಒಂದು ಬ್ಲಾಕಿನಲ್ಲಿ "ಶೇಡಬಾಳ" ಎಂಬ ಹೆಸರನ್ನು 28 ಸಲ ಬರೆಯಬಹುದು, ಇನ್ನೂ 8 ಬೈಟು ಉಳಿಯುತ್ತದೆ. ಒಂದೇ ಸಲ ಬರೆಯುವುದಿದ್ದರೂ ಕಾರ್ಡಿಗೆ ಹೋಗುವುದು ಪೂರ್ತಿ ಬ್ಲಾಕೇ. ಪ್ರತಿ ಬ್ಲಾಕಿನ ಬೆನ್ನಿಗೆ ಒಂದು ತಾಳೆಯ ಸಂಖ್ಯೆಯೂ ಬರುತ್ತದೆ. ದಾರಿಯಲ್ಲಿ ಒಂದು ಬಿಟ್ ಕೆಟ್ಟರೂ ಈ ತಾಳೆ ತಪ್ಪಿ, ತಪ್ಪು ಗೊತ್ತಾಗುತ್ತದೆ.

2. ಕಂಟ್ರೋಲರು ಮತ್ತು ಡ್ರೈವರು

ಫೋನಿನೊಳಗೆ ಕಾರ್ಡಿನ ಜೊತೆ ನೇರವಾಗಿ ಮಾತಾಡುವ ಒಂದು ಯಂತ್ರಭಾಗವಿದೆ, ಅದು ಕಂಟ್ರೋಲರು. ಅದರಿಂದ ಕೆಲಸ ಮಾಡಿಸುವ ಸಾಫ್ಟ್‌ವೇರಿಗೆ ಡ್ರೈವರ್ ಎಂದು ಹೆಸರು. ಇದು ಗಾಡಿ ಓಡಿಸುವ ಡ್ರೈವರ್ ಅಲ್ಲ. ನಮ್ಮ ಕಡೆಯ ಹೋಲಿಕೆ ಕೊಡುವುದಾದರೆ ಹಮಾಲರ ತಂಡದ ಮುಕಾದಮನ ಹಾಗೆ.

ಕಚೇರಿಯ ಗುಮಾಸ್ತ "ಇಷ್ಟು ಚೀಲ ಹೋಗಬೇಕು" ಎಂದು ಚೀಟಿ ಬರೆಯುತ್ತಾನೆ. ತನ್ನ ತಂಡದಲ್ಲಿ ಎಷ್ಟು ಜನ ಇದ್ದಾರೆ, ಒಬ್ಬೊಬ್ಬರು ಎಷ್ಟು ಭಾರ ಹೊರುತ್ತಾರೆ, ಲಾರಿಗೆ ಎಷ್ಟು ಹಿಡಿಯುತ್ತದೆ ಎಂಬುದು ಗೊತ್ತಿರುವುದು ಮುಕಾದಮನಿಗೆ. ಅವನು ಮೊದಲೇ ಗುಮಾಸ್ತನಿಗೆ "ಚೀಲ 50 ಕಿಲೋದ್ದೇ ಇರಲಿ, ಒಂದು ಲಾರಿಗೆ 200 ಚೀಲ, ಅದಕ್ಕಿಂತ ಹೆಚ್ಚಿನ ಚೀಟಿ ಬೇಡ" ಎಂದು ಹೇಳಿಟ್ಟರೆ, ಗುಮಾಸ್ತ 1,000 ಚೀಲದ ಬೇಡಿಕೆಯನ್ನು ತಾನೇ 5 ಚೀಟಿ ಮಾಡಿ ಕೊಡುತ್ತಾನೆ.

ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯಲ್ಲಿ ನಡೆಯುವುದೂ ಇದೇ. ಆಂಡ್ರಾಯ್ಡ್ ಫೋನುಗಳ ತಳದಲ್ಲಿರುವುದೂ ಲಿನಕ್ಸೇ. ಅದರಲ್ಲಿ ಮೆಮೊರಿ ಕಾರ್ಡಿನ ಡ್ರೈವರು ಕೆಲಸ ಶುರುಮಾಡುವಾಗಲೇ ತನ್ನ ಕಂಟ್ರೋಲರಿನ ಮಿತಿಗಳನ್ನು ಮೇಲಿನವರಿಗೆ ಬರೆದು ಕೊಡುತ್ತದೆ. ಅವುಗಳಲ್ಲಿ ಮುಖ್ಯವಾದವು ಮೂರು:

ಅ) ಒಂದು ಬ್ಲಾಕಿನ ಗರಿಷ್ಠ ಗಾತ್ರ, ಅಂದರೆ ಚೀಲ ಎಷ್ಟು ದೊಡ್ಡದಿರಬಹುದು.
ಆ) ಒಂದು ಆದೇಶದಲ್ಲಿ ಗರಿಷ್ಠ ಎಷ್ಟು ಬ್ಲಾಕು, ಅಂದರೆ ಒಂದು ಚೀಟಿಯಲ್ಲಿ ಎಷ್ಟು ಚೀಲ.
ಇ) ಒಂದು ಆದೇಶದಲ್ಲಿ ಒಟ್ಟು ಗರಿಷ್ಠ ಎಷ್ಟು ಬೈಟು, ಅಂದರೆ ಲಾರಿಯ ಒಟ್ಟು ಭಾರ.

ಈ ಮೂರರಲ್ಲಿ ಯಾವುದು ಮೊದಲು ಅಡ್ಡ ಬರುತ್ತದೋ ಅದೇ ನಿಜವಾದ ಮಿತಿ. ಯಾವುದಾದರೂ ಆದೇಶ ಇವುಗಳಲ್ಲಿ ಒಂದನ್ನು ದಾಟಿದ್ದರೆ, ಲಿನಕ್ಸ್ ಅದನ್ನು ಕಂಟ್ರೋಲರಿಗೆ ಕಳಿಸದೆ ತಪ್ಪೆಂದು ಹಿಂದಕ್ಕೆ ಕೊಡುತ್ತದೆ.

3. ಮಿತಿಯ ಅಂಕಿಗಳು ಎಲ್ಲಿಂದ ಬಂದವು?

ಬಹಳ ಕಂಪನಿಗಳ ಕಂಟ್ರೋಲರುಗಳು ಎಸ್‌ಡಿ ಸಂಘದವರು ಗೊತ್ತುಮಾಡಿದ ಒಂದೇ ಮಾದರಿಯಲ್ಲಿ ಇರುತ್ತವೆ. ಎಸ್‌ಡಿ ಕಾರ್ಡನ್ನು 1999ರಲ್ಲಿ ಸ್ಯಾನ್‌ಡಿಸ್ಕ್, ಪ್ಯಾನಸೋನಿಕ್ ಮತ್ತು ತೋಶಿಬಾ ಕಂಪನಿಗಳು ಸೇರಿ ತಂದವು. ಮರುವರ್ಷ 2000ದಲ್ಲಿ ಸಂಘ ಆಯಿತು. ಈ ಮಾದರಿಯ ಕಂಟ್ರೋಲರು ತಾನು ತಡೆಯುವ ದೊಡ್ಡ ಬ್ಲಾಕು 512, 1024, 2048 ಬೈಟುಗಳಲ್ಲಿ ಯಾವುದು ಎಂದು ತನ್ನ ಮೇಲೆಯೇ ಬರೆದುಕೊಂಡಿರುತ್ತದೆ. ಇದನ್ನು ತಿಳಿಸಲು ಇರುವ ಜಾಗ 2 ಬಿಟ್ ಮಾತ್ರ. 2 ಬಿಟ್‌ಗಳಲ್ಲಿ 4 ಸಂಖ್ಯೆ ಬರೆಯಬಹುದು, ಅರ್ಥವಿರುವುದು 3ಕ್ಕೆ. ನಾಲ್ಕನೆಯದು ಬರೆದಿದ್ದರೆ ಲಿನಕ್ಸಿನ ಡ್ರೈವರು "ಇದು ಸರಿಯಿಲ್ಲ, 512 ಎಂದು ಹಿಡಿಯುತ್ತೇನೆ" ಎಂದು ಎಚ್ಚರಿಕೆ ಬರೆದು ಮುಂದೆ ಹೋಗುತ್ತದೆ. ಸಂಶಯ ಬಂದಾಗ ಚಿಕ್ಕ ಅಂಕಿಯನ್ನು ನಂಬುವುದು ಅದರ ಪದ್ಧತಿ.

ಬ್ಲಾಕುಗಳ ಎಣಿಕೆಗೆ ಇರುವ ಜಾಗ 16 ಬಿಟ್. 2ರ 16ನೇ ಘಾತ 65,536. ಸೊನ್ನೆಯಿಂದ ಎಣಿಸಿದರೆ ಬರೆಯಬಹುದಾದ ದೊಡ್ಡ ಸಂಖ್ಯೆ 65,535. ಇದಕ್ಕೆ ಒಂದು ಸೇರಿಸಿದರೆ? 4 ಅಂಕಿಯ ಮೀಟರು 9999 ಆದ ಮೇಲೆ 0000 ತೋರಿಸುವ ಹಾಗೆ, ಇಲ್ಲೂ ಸೊನ್ನೆಯಾಗುತ್ತದೆ. 65,536 ಬ್ಲಾಕು ಬರೆ ಎಂದು ಹೇಳಲು ಹೋದರೆ ಕಂಟ್ರೋಲರಿಗೆ ತಲುಪುವ ಸಂಖ್ಯೆ ಸೊನ್ನೆ. 65,537 ಎಂದರೆ ತಲುಪುವುದು 1. ಡ್ರೈವರು 65,535 ಎಂಬ ಮಿತಿಯನ್ನು ಮೊದಲೇ ಹೇಳಿಡುವುದು ಇದಕ್ಕಾಗಿಯೇ.

ಒಟ್ಟು ಭಾರದ ಮಿತಿ ಇನ್ನೂ ಬಿಗಿ. ಇದೇ ಮಾದರಿಯ ಡ್ರೈವರಿನಲ್ಲಿ ಒಂದು ಆದೇಶಕ್ಕೆ 5,24,288 ಬೈಟು, ಅಂದರೆ 512 ಕೆಬಿ ಎಂದು ಬರೆದಿದ್ದಾರೆ. ಇದನ್ನು 512 ಬೈಟಿನಿಂದ ಭಾಗಿಸಿದರೆ 1,024 ಬ್ಲಾಕು. ಎಣಿಕೆಯ ಜಾಗದಲ್ಲಿ 65,535 ಹಿಡಿಯುತ್ತಿದ್ದರೂ ಲಾರಿ ತುಂಬುವುದು 1,024ಕ್ಕೇ. ಮೂರರಲ್ಲಿ ಮೊದಲು ಅಡ್ಡ ಬರುವುದೇ ನಿಜವಾದ ಮಿತಿ ಎಂದೆವಲ್ಲ, ಅದಕ್ಕೆ ಇದು ಉದಾಹರಣೆ.

ಮಾದರಿ ಲೆಕ್ಕ: 3 ಎಂಬಿಯ ಒಂದು ಫೋಟೊ ಬರೆಯಬೇಕು. 3 ಎಂಬಿ ಅಂದರೆ 31,45,728 ಬೈಟು. 512ರಿಂದ ಭಾಗಿಸಿದರೆ 6,144 ಬ್ಲಾಕು. ಒಂದು ಆದೇಶಕ್ಕೆ 1,024ರಂತೆ ಕಡಿಮೆಯೆಂದರೆ 6 ಆದೇಶ ಬೇಕು.

ಹಾಗಾದರೆ ಸುರಕ್ಷಿತವೆಂದು ಮಿತಿಯನ್ನು ಬಹಳ ಚಿಕ್ಕದಾಗಿ ಹೇಳಿದರೆ ಆಗದೇ? ಒಂದು ಆದೇಶಕ್ಕೆ ಒಂದೇ ಬ್ಲಾಕು ಎಂದರೆ ಅದೇ ಫೋಟೊಗೆ 6,144 ಆದೇಶ ಬೇಕಾಗುತ್ತದೆ. ಪ್ರತಿ ಆದೇಶಕ್ಕೂ ಕೇಳುವುದು, ಉತ್ತರ ಕಾಯುವುದು ಇದ್ದೇ ಇದೆ. ಒಂದೊಂದು ಚೀಲಕ್ಕೂ ಬೇರೆ ಚೀಟಿ ಬರೆಸಿದಂತೆ. ಒಟ್ಟಿಗೆ ಹಲವು ಬ್ಲಾಕು ಸಾಗಿಸಲು ಬಾರದ ದೋಷವಿರುವ ಕೆಲವು ಕಂಟ್ರೋಲರುಗಳಿಗೆ ಲಿನಕ್ಸಿನವರು ಹೀಗೆ 1 ಎಂಬ ಮಿತಿಯನ್ನೇ ಇಟ್ಟಿದ್ದಾರೆ. ಕೆಲಸ ನಿಧಾನವಾದರೂ ಮಾಹಿತಿ ಕೆಡುವುದಿಲ್ಲ.

4. ಬೆಂಗಳೂರಿಗೆ ನಂಟಿರುವ ಒಂದು ಕಡತ

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 1985ರಲ್ಲಿ ಬೆಂಗಳೂರಿನಲ್ಲಿ ತನ್ನ ಸಂಶೋಧನಾ ಕೇಂದ್ರ ತೆರೆಯಿತು. ಪರದೇಶದ ದೊಡ್ಡ ಕಂಪನಿಗಳಲ್ಲಿ ಹೀಗೆ ಬೆಂಗಳೂರಿಗೆ ಬಂದ ಮೊದಲಿನವರು ಅವರು. ಆ ಕಂಪನಿಯ ಓಮ್ಯಾಪ್ ಎಂಬ ಚಿಪ್ಪುಗಳು ಒಂದು ಕಾಲಕ್ಕೆ ಬಹಳ ಫೋನುಗಳಲ್ಲಿದ್ದವು. 2008ರಲ್ಲಿ ವಿದ್ಯಾರ್ಥಿಗಳಿಗೂ ಕೈಗೆಟಕುವಂತೆ ಬಂದ ಬೀಗಲ್‌ಬೋರ್ಡ್ ಎಂಬ ಅಂಗೈಯಗಲದ ಗಣಕದಲ್ಲೂ ಓಮ್ಯಾಪ್ 3530 ಚಿಪ್ಪೇ ಇತ್ತು. ಅದು ಮೆಮೊರಿ ಕಾರ್ಡಿನಿಂದಲೇ ಚಾಲೂ ಆಗಬಲ್ಲದು.

ಈ ಚಿಪ್ಪುಗಳ ಕಾರ್ಡ್ ಡ್ರೈವರು ಲಿನಕ್ಸಿನಲ್ಲಿ ಒಂದು ಕಡತವಾಗಿ ಎಲ್ಲರಿಗೂ ಓದಲು ಸಿಗುತ್ತದೆ. ಕಡತದ ತಲೆಯಲ್ಲಿ 2007ನೇ ಇಸವಿಯೂ, ಬರೆದವರೆಂದು ಸೈಯದ್ ಮೊಹಮ್ಮದ್ ಖಾಸಿಮ್, ಮಧುಸೂದನ್, ಮೋಹಿತ್ ಜಲೋರಿ ಎಂಬ ಮೂರು ಹೆಸರುಗಳೂ ಇವೆ. ಅದರೊಳಗೆ ಮಿತಿ ಹೇಳುವ ಸಾಲುಗಳು ಎರಡು ಮೂರೇ. ಬ್ಲಾಕಿನ ಗರಿಷ್ಠ ಗಾತ್ರ 512 ಎಂದು ಬರೆದು, ಪಕ್ಕದಲ್ಲಿ "ಹೆಚ್ಚೆಂದರೆ 1024 ಆಗಬಹುದು" ಎಂಬ ಅರ್ಥದ ಟಿಪ್ಪಣಿ ಇದೆ. ಬ್ಲಾಕುಗಳ ಸಂಖ್ಯೆ 65,535 ಎಂದು ಬರೆದು, ಎಣಿಕೆಯ ಜಾಗ 16 ಬಿಟ್ ಎಂಬ ಕಾರಣವನ್ನೂ ಕೊಟ್ಟಿದ್ದಾರೆ. ಒಟ್ಟು ಭಾರ ಎಂದರೆ ಈ ಎರಡರ ಗುಣಾಕಾರ: 3,35,53,920 ಬೈಟು. 32 ಎಂಬಿಗೆ ಒಂದೇ ಒಂದು ಬ್ಲಾಕು ಕಡಿಮೆ.

ವಿದ್ಯಾರ್ಥಿಗಳು ಆ ಟಿಪ್ಪಣಿಯನ್ನು ಗಮನಿಸಬೇಕು. ಯಂತ್ರಕ್ಕೆ 1024ರ ಶಕ್ತಿ ಇದ್ದರೂ ಡ್ರೈವರು ಹೇಳುವುದು 512. ಕಾರ್ಡು ಕೊಟ್ಟು ತೆಗೆದುಕೊಳ್ಳುವುದು 512ರಲ್ಲೇ ಆದ್ದರಿಂದ ಅಷ್ಟು ಸಾಕಾಗುತ್ತದೆ. ಮುಂದೆ ಓದುವವರಿಗೆ ಗೊತ್ತಿರಲೆಂದು ಹೆಚ್ಚಿನ ಶಕ್ತಿಯನ್ನು ಪಕ್ಕದಲ್ಲಿ ಬರೆದಿಟ್ಟಿದ್ದಾರೆ. ಉತ್ತರಪತ್ರಿಕೆಯಲ್ಲಿ ಉತ್ತರದ ಜೊತೆ ಕಾರಣವನ್ನೂ ಬರೆಯಿರಿ ಎಂದು ನಾವು ತರಗತಿಯಲ್ಲಿ ಹೇಳುತ್ತಿದ್ದುದು ಇದಕ್ಕೇ.

5. 2 ಜಿಬಿ ಕಾರ್ಡಿನ ಗೊಂದಲ

ಪ್ರತಿ ಕಾರ್ಡೂ ತನ್ನ ಅಳತೆಯನ್ನು ತನ್ನೊಳಗೇ ಬರೆದುಕೊಂಡಿರುತ್ತದೆ. ಹಳೆಯ ಎಸ್‌ಡಿ ಕಾರ್ಡುಗಳಲ್ಲಿ ಅದು ಮೂರು ಸಂಖ್ಯೆಗಳ ಗುಣಾಕಾರ. ಮೊದಲನೆಯದಕ್ಕೆ 12 ಬಿಟ್ ಜಾಗ, ಹೆಚ್ಚೆಂದರೆ 4,096. ಎರಡನೆಯದು ಹೆಚ್ಚೆಂದರೆ 512. ಮೂರನೆಯದು ಬ್ಲಾಕಿನ ಗಾತ್ರ, 512.

4,096 × 512 × 512 = 1,07,37,41,824 ಬೈಟು, ಅಂದರೆ 1 ಜಿಬಿ.

ಇದಕ್ಕಿಂತ ದೊಡ್ಡ ಕಾರ್ಡು ಮಾಡಬೇಕಾದಾಗ ಮೊದಲ ಎರಡು ಜಾಗಗಳಲ್ಲಿ ಇನ್ನು ಹಿಡಿಯುವಂತಿರಲಿಲ್ಲ. ಆದ್ದರಿಂದ ಮೂರನೆಯದನ್ನು 1024 ಎಂದು ಬರೆಯಲು ಒಪ್ಪಿಕೊಂಡರು. ಗುಣಾಕಾರ 2 ಜಿಬಿ ಆಯಿತು. ಆದರೆ ಮಾಹಿತಿ ಸಾಗಿಸುವುದು ಮಾತ್ರ ಮೊದಲಿನಂತೆ 512 ಬೈಟಿನಲ್ಲೇ ಎಂದು ನಿಯಮ ಇಟ್ಟರು. ಅಂದರೆ 1024 ಎಂಬುದು ಅಳತೆಯ ಲೆಕ್ಕಕ್ಕೆ ಮಾತ್ರ. ಮೂರನೆಯ ಸಂಖ್ಯೆ ಯಾವಾಗಲೂ 512 ಎಂದು ಹಿಡಿದ ಹಳೆಯ ಉಪಕರಣಕ್ಕೆ 2 ಜಿಬಿ ಕಾರ್ಡು 1 ಜಿಬಿಯಾಗಿ ಕಂಡಿತು. 1024 ಎಂಬುದನ್ನು ಸಾಗಣೆಯ ಗಾತ್ರವೆಂದು ತಿಳಿದ ಡ್ರೈವರು 512ನ್ನು ಮಾತ್ರ ತಡೆಯುವ ಕಂಟ್ರೋಲರಿನಲ್ಲಿ ಎಡವಿತು.

2006ರಲ್ಲಿ ಎಸ್‌ಡಿಎಚ್‌ಸಿ ಎಂಬ ಹೊಸ ಬಗೆ ಬಂದು ಈ ಗೊಂದಲ ಮುಗಿಯಿತು. ಅದರಲ್ಲಿ ಬ್ಲಾಕು ಎಂದರೆ 512 ಬೈಟು ಎಂದು ನಿಗದಿಯಾಯಿತು. ವಿಳಾಸವನ್ನು ಬೈಟಿನಲ್ಲಿ ಎಣಿಸುವ ಬದಲು ಬ್ಲಾಕಿನಲ್ಲಿ ಎಣಿಸತೊಡಗಿದರು. 32 ಬಿಟ್ ವಿಳಾಸದಲ್ಲಿ ಬೈಟು ಎಣಿಸಿದರೆ 4 ಜಿಬಿಗೆ ಮುಗಿಯುತ್ತದೆ. ಬ್ಲಾಕು ಎಣಿಸಿದರೆ ಅದರ 512 ಪಟ್ಟು, ಅಂದರೆ 2 ಟಿಬಿವರೆಗೆ ಹೋಗುತ್ತದೆ. ಎಸ್‌ಡಿಎಚ್‌ಸಿ ಕಾರ್ಡು 32 ಜಿಬಿವರೆಗೆ, 2009ರ ಎಸ್‌ಡಿಎಕ್ಸ್‌ಸಿ 2 ಟಿಬಿವರೆಗೆ ಎಂದು ನಿಯಮದಲ್ಲಿದೆ.

6. ಸುಳ್ಳು ಹೇಳುವ ಕಾರ್ಡು

ಇಲ್ಲಿಯವರೆಗೆ ಹೇಳಿದ್ದೆಲ್ಲ ಒಂದು ನಂಬಿಕೆಯ ಮೇಲೆ ನಿಂತಿದೆ. ಕಾರ್ಡು ತನ್ನ ಅಳತೆಯನ್ನೂ, ಕಂಟ್ರೋಲರು ತನ್ನ ಮಿತಿಯನ್ನೂ ನಿಜವಾಗಿ ಹೇಳುತ್ತವೆ ಎಂಬ ನಂಬಿಕೆ ಅದು. ಪೇಟೆಯಲ್ಲಿ ಸಿಗುವ ನಕಲಿ ಕಾರ್ಡುಗಳು ಮುರಿಯುವುದು ಇದನ್ನೇ. ಒಳಗೆ 8 ಜಿಬಿ ಇದ್ದರೂ 128 ಜಿಬಿ ಎಂದು ತನ್ನೊಳಗೆ ಬರೆಸಿಕೊಂಡಿರುತ್ತದೆ. ಫೋನು ಅದನ್ನೇ ನಂಬಿ 128 ಎಂದು ತೋರಿಸುತ್ತದೆ. 8 ಜಿಬಿ ದಾಟುವವರೆಗೆ ಎಲ್ಲವೂ ಸರಿ. ಆಮೇಲೆ ಬರೆದದ್ದು ಎಲ್ಲೂ ಉಳಿಯುವುದಿಲ್ಲ, ಅಥವಾ ಹಳೆಯದರ ಮೇಲೆ ಕೂರುತ್ತದೆ. ಕಡತದ ಹೆಸರು ಕಾಣುತ್ತದೆ, ತೆರೆಯಲು ಬರುವುದಿಲ್ಲ.

ನಮ್ಮ ವಿದ್ಯಾರ್ಥಿವೇತನ ಪಡೆದ ಡಿಪ್ಲೊಮಾ ವಿದ್ಯಾರ್ಥಿನಿಯೊಬ್ಬಳಿಗೆ ಹೀಗಾಯಿತು. ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕ ಕಾರ್ಡಿನಲ್ಲಿ ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಪ್ರಾಜೆಕ್ಟಿನ ಕೆಲಸ ಎಲ್ಲವನ್ನೂ ಇಟ್ಟಿದ್ದಳು. ಸರಕಾರಿ ವಿದ್ಯಾರ್ಥಿವೇತನದ ಅರ್ಜಿಗೆ ನಾಲ್ಕು ದಿನ ಉಳಿದಿರುವಾಗ ಒಂದೂ ತೆರೆಯಲಿಲ್ಲ. ಮೂಲ ಕಾಗದಗಳು ಮನೆಯ ಟ್ರಂಕಿನಲ್ಲಿ ಇದ್ದುದರಿಂದ ಮತ್ತೆ ಸ್ಕ್ಯಾನ್ ಮಾಡಿಸಿ ಅರ್ಜಿ ಹಾಕಲು ಆಯಿತು. ಪ್ರಾಜೆಕ್ಟಿನ ಕೆಲಸ ಮಾತ್ರ ಮೊದಲಿನಿಂದ ಮಾಡಬೇಕಾಯಿತು.

ಪಾಲಕರು ನೆನಪಿಡಬೇಕಾದ ನಾಲ್ಕು ಮಾತು:

ಅ) ಕಾರ್ಡು ಕೊಳ್ಳುವ ಮುನ್ನ ಫೋನು ಎಷ್ಟು ಜಿಬಿವರೆಗೆ ತಡೆಯುತ್ತದೆ ಎಂದು ನೋಡಿ. ಹಳೆಯ ಫೋನು 32 ಜಿಬಿವರೆಗೆ ಎಂದಿದ್ದರೆ ಎಸ್‌ಡಿಎಚ್‌ಸಿ ಕಾರ್ಡನ್ನೇ ಕೊಳ್ಳಿ.
ಆ) ಬಿಲ್ಲು ಕೊಡುವ ಅಂಗಡಿಯಲ್ಲಿ ಕೊಳ್ಳಿ. ಬೆಲೆ ತೀರ ಕಡಿಮೆಯಿದ್ದರೆ ಅನುಮಾನವಿರಲಿ.
ಇ) ಹೊಸ ಕಾರ್ಡನ್ನು ಖಾಲಿಯಿರುವಾಗಲೇ ಪರೀಕ್ಷಿಸಿ. ಎಫ್3, ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ಸಾಧನಗಳು ಕಾರ್ಡನ್ನು ಪೂರ್ತಿ ತುಂಬಿಸಿ, ಮತ್ತೆ ಓದಿ ತಾಳೆ ನೋಡುತ್ತವೆ. ಕಾಲೇಜಿಗೆ ಹೋಗುವ ಮಕ್ಕಳು ಇದನ್ನು ಮಾಡಿಕೊಡಬಲ್ಲರು.
ಈ) ಪ್ರಮಾಣಪತ್ರದ ಪ್ರತಿ ಎರಡು ಕಡೆ ಇರಲಿ. ಮೂಲ ಕಾಗದವನ್ನು ಯಾವ ಕಾರಣಕ್ಕೂ ಬಿಸಾಡಬೇಡಿ.

7. ದಾನಿಗಳಿಗೆ ಒಂದು ಮಾತು

ಬಂದ ಹಣವನ್ನು ಅರ್ಜಿ ಹಾಕಿದ ಎಲ್ಲರಿಗೂ ಸಮನಾಗಿ ಏಕೆ ಹಂಚುವುದಿಲ್ಲ ಎಂದು ಕೆಲವು ದಾನಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅರ್ಜಿ ಹಾಕಿದವರೆಲ್ಲರೂ ಕಷ್ಟದಲ್ಲಿರುವವರೇ. ಆದರೆ ಕಾರ್ಡು ಅರ್ಧ ಬ್ಲಾಕು ತೆಗೆದುಕೊಳ್ಳದ ಹಾಗೆ, ಕಾಲೇಜು ಅರ್ಧ ಶುಲ್ಕದಲ್ಲಿ ವರ್ಷ ಮುಗಿಸಿಕೊಡುವುದಿಲ್ಲ. ಉಳಿದರ್ಧಕ್ಕೆ ತಂದೆ ಬಡ್ಡಿ ಸಾಲಕ್ಕೆ ಹೋಗುತ್ತಾನೆ, ಇಲ್ಲವೇ ಹುಡುಗಿ ಮನೆಯಲ್ಲಿ ಉಳಿಯುತ್ತಾಳೆ. ಆದ್ದರಿಂದ ಕೈಹಿಡಿದವರ ಓದು ಮುಗಿಯುವವರೆಗೆ ಪೂರ್ತಿ ಕೊಡುವುದು, ಅದಾದ ಮೇಲೆ ಉಳಿದಷ್ಟಕ್ಕೆ ಹೊಸಬರನ್ನು ಸೇರಿಸಿಕೊಳ್ಳುವುದು ಎಂಬ ಕ್ರಮವನ್ನು ಇಟ್ಟುಕೊಂಡಿದ್ದೇವೆ. ನಮ್ಮ ಕೈಯಲ್ಲಿ ಎಷ್ಟಾಗುತ್ತದೆ ಎಂಬುದನ್ನು ವರ್ಷದ ಆರಂಭದಲ್ಲೇ ಹೇಳಿಬಿಟ್ಟರೆ, ಸಿಗದವರು ಬೇರೆ ಬಾಗಿಲು ತಟ್ಟಲು ಸಮಯವಿರುತ್ತದೆ. ಸಿಇಟಿ ಮೂಲಕ ಸೀಟು ಸಿಕ್ಕವರಿಗೆ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ ಯೋಜನೆ ಇದೆ. ರಾಜ್ಯ ಮತ್ತು ಕೇಂದ್ರದ ವಿದ್ಯಾರ್ಥಿವೇತನದ ಪೋರ್ಟಲ್‌ಗಳಿವೆ. ಅರ್ಜಿ ತುಂಬಲು ನಮ್ಮವರು ಸಹಾಯ ಮಾಡುತ್ತಾರೆ. ಇನ್ನೊಂದು ಮಗುವಿನ ಪೂರ್ತಿ ವರ್ಷದ ಹೊಣೆ ಹೊರಲು ಯಾರಾದರೂ ಮುಂದೆ ಬಂದರೆ ನಮ್ಮ ಮಿತಿಯೂ ಅಷ್ಟು ಹೆಚ್ಚುತ್ತದೆ.

8. ಅಭ್ಯಾಸ

1. ನಿಮ್ಮ ಪೂರ್ಣ ಹೆಸರನ್ನು ಕನ್ನಡದಲ್ಲಿ ಬರೆದು ಚಿಹ್ನೆಗಳನ್ನು ಎಣಿಸಿ. ಎಷ್ಟು ಬೈಟು? ಒಂದು ಬ್ಲಾಕಿನಲ್ಲಿ ಎಷ್ಟು ಸಲ ಹಿಡಿಯುತ್ತದೆ?
2. 10 ಎಂಬಿಯ ವಿಡಿಯೊಗೆ ಎಷ್ಟು ಬ್ಲಾಕು ಬೇಕು? ಒಂದು ಆದೇಶಕ್ಕೆ 1,024 ಬ್ಲಾಕಿನಂತೆ ಎಷ್ಟು ಆದೇಶ?
3. ಎಣಿಕೆಯ ಜಾಗ 16ರ ಬದಲು 8 ಬಿಟ್ ಇದ್ದಿದ್ದರೆ ಒಂದು ಆದೇಶದಲ್ಲಿ ಗರಿಷ್ಠ ಎಷ್ಟು ಬ್ಲಾಕು? ಎಷ್ಟು ಬೈಟು?
4. ಹಳೆಯ ಬಗೆಯ ಕಾರ್ಡಿನಲ್ಲಿ ಮೂರನೆಯ ಸಂಖ್ಯೆಯನ್ನು 2048 ಎಂದು ಬರೆದರೆ ಅಳತೆ ಎಷ್ಟಾಗುತ್ತದೆ?

ಉತ್ತರ: 2ನೆಯದಕ್ಕೆ 20,480 ಬ್ಲಾಕು, 20 ಆದೇಶ. 3ನೆಯದಕ್ಕೆ 255 ಬ್ಲಾಕು, 1,30,560 ಬೈಟು. 4ನೆಯದಕ್ಕೆ 4 ಜಿಬಿ. 1ನೆಯದರ ಉತ್ತರ ಒಬ್ಬೊಬ್ಬರದು ಒಂದೊಂದು.

ವಿಶೇಷ ಸೂಚನೆ: ಈ ಲೆಕ್ಕಗಳು ವಿದ್ಯಾರ್ಥಿವೇತನದ ಆಯ್ಕೆಗೆ ಷರತ್ತಲ್ಲ, ಬಾರದಿದ್ದರೆ ಯಾರ ಅರ್ಜಿಯನ್ನೂ ತಳ್ಳಿಹಾಕುವುದಿಲ್ಲ. ಸಂದರ್ಶನದ ದಿನ ತಂದು ತೋರಿಸಿದರೆ ಅಥವಾ ತಿಳಿಯದ್ದನ್ನು ಕೇಳಿದರೆ ನಮಗೆ ಸಂತೋಷ. ಆ ದಿನ ಮೂಲ ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಶುಲ್ಕದ ರಸೀದಿ ಮತ್ತು ಬ್ಯಾಂಕ್ ಪಾಸ್‌ಬುಕ್ಕುಗಳನ್ನು ಕಾಗದದ ರೂಪದಲ್ಲಿಯೇ ತರಬೇಕು. ಫೋನಿನಲ್ಲಿರುವ ಫೋಟೊ ಸಾಲದು.